ಕಾಮಾಲೆಯೂ ನಮ್ಮ ಕರ್ತವ್ಯವೂ

ನಮ್ಮ ಜನರು ಕಾಮಾಲೆಯನ್ನು ಕಣ್ಣಿನ ಹಳದಿಯಿಂದ ಗುರುತಿಸುತ್ತಾರೆ. ಹಳದಿ ಇಳಿದೊಡನೆ ರೋಗವೂ ತೊಲಗಿತೆಂದು ನಂಬುತ್ತಾರೆ. ಹೆಪಟೈಟಿಸ್-ಬಿ ವೈರಾಣುವಿಗೆ ಈ ನಂಬಿಕೆಯೇ ದೊಡ್ಡ ಆಶ್ರಯವಾಗಿದೆ. ಅದು ಹಳದಿಯನ್ನೂ ತೋರದೆ ದಶಕಗಳ ಕಾಲ ಯಕೃತ್ತಿನಲ್ಲಿ ಮನೆಮಾಡಿಕೊಂಡಿದ್ದು, ಕಡೆಗೆ ಅದನ್ನು ಗಡುಸಾಗಿಸಿ, ಕ್ಯಾನ್ಸರಿಗೂ ದಾರಿಮಾಡುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಭಾರತದ ಸುಮಾರು ಮೂರು ಕೋಟಿ ಜನರಲ್ಲಿ ಈ ವೈರಾಣು ಇದ್ದಿತು. ಅವರಲ್ಲಿ ಬಹುಮಂದಿಗೆ ಅದರ ಅರಿವೇ ಇರಲಿಲ್ಲವೆಂಬುದು ಇನ್ನೂ ಶೋಚನೀಯವು.

ಇದು ರಕ್ತದಿಂದ, ಅಶುದ್ಧ ಸೂಜಿಯಿಂದ, ದೇಹಸಂಬಂಧದಿಂದ, ಹೆರಿಗೆಯಲ್ಲಿ ತಾಯಿಯಿಂದ ಶಿಶುವಿಗೆ ಹರಡತಕ್ಕ ರೋಗವು. ಒಂದೇ ಪಂಕ್ತಿಯಲ್ಲಿ ಉಂಡರೆ ಹರಡುವುದಲ್ಲ. ರೋಗಿಯನ್ನು ದೂರವಿಡುವುದು ಹೊಸದೊಂದು ಅಸ್ಪೃಶ್ಯತೆಯೇ ಸರಿ.

ಆರೋಗ್ಯವಂತ ವಯಸ್ಕರಿಗೆ ತಗುಲಿದರೆ ನೂರಕ್ಕೆ ೯೫ ಮಂದಿ ಇದನ್ನು ತಾವಾಗಿಯೇ ಗೆಲ್ಲುವರು. ಹುಟ್ಟುವಾಗ ತಗುಲಿದ ಶಿಶುಗಳಲ್ಲಾದರೋ ನೂರಕ್ಕೆ ೯೦ರಷ್ಟು ದೀರ್ಘಕಾಲದ ರೋಗಿಗಳಾಗುವರು. ಜನನದ ೨೪ ಗಂಟೆಗಳೊಳಗೆ ಮೊದಲ ಲಸಿಕೆ ಬೀಳತಕ್ಕದ್ದೆಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ.

ಪರದೇಶದ ಲಸಿಕೆಯ ಬೆಲೆ ಬಡವನ ಕೈಗೆ ಎಟುಕದಿದ್ದ ಕಾಲವೊಂದಿತ್ತು. ೧೯೯೭ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆಯು ಸ್ವದೇಶೀ ಲಸಿಕೆಯನ್ನು ಹೊರತಂದು ಆ ಅಡ್ಡಿಯನ್ನು ಒಡೆಯಿತು. ಈಗ ಸರಕಾರಿ ಆಸ್ಪತ್ರೆಗಳಲ್ಲಿ ಶಿಶುಗಳಿಗೆ ಲಸಿಕೆ ಉಚಿತವು. ೨೦೧೮ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಪರೀಕ್ಷೆಯೂ ಔಷಧವೂ ಉಚಿತವು. ಲಸಿಕೆ ನಮ್ಮದು, ಶಿಶುಗಳೂ ನಮ್ಮವೇ. ನಡುವೆ ಉದಾಸೀನಕ್ಕೆ ಎಡೆಯೆಲ್ಲಿ?

ರೋಗ ತಗುಲಿದವರು ಧೈರ್ಯಗೆಡಬೇಕಾದುದಿಲ್ಲ. ಅವರೆಲ್ಲರಿಗೂ ಔಷಧವೇ ಬೇಕೆಂದಿಲ್ಲ; ಕಾಲಕಾಲಕ್ಕೆ ಪರೀಕ್ಷೆಯಂತೂ ಎಲ್ಲರಿಗೂ ಬೇಕು. ಟೆನೋಫೊವಿರ್ ಮೊದಲಾದ ಗುಳಿಗೆಗಳು ವೈರಾಣುವನ್ನು ಅಡಗಿಸಬಲ್ಲವು, ಸಾಮಾನ್ಯವಾಗಿ ಬೇರುಸಹಿತ ಕೀಳಲಾರವು. ಆದುದರಿಂದ ದೇಹ ಚೆನ್ನಾಗಿದೆಯೆಂದು ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸುವುದೂ, ಬೇರುನಾರುಗಳನ್ನು ನಂಬಿ ಕಾಲ ಕಳೆಯುವುದೂ ಅಪಾಯಕರವು.

ಸರಕಾರದವರು ಪ್ರತಿಯೊಬ್ಬ ಗರ್ಭಿಣಿಯ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಲಿ. ರೋಗವುಳ್ಳ ತಾಯಿಯ ಶಿಶುವಿಗೆ ಲಸಿಕೆಯೊಡನೆ ಇಮ್ಯುನೊಗ್ಲೋಬುಲಿನ್ ಚುಚ್ಚುಮದ್ದೂ ದೊರೆಯಲಿ. ರವಿವಾರ ಹುಟ್ಟಿದ ಕೂಸಿಗೂ, ಹಬ್ಬದ ದಿನ ಹುಟ್ಟಿದ ಕೂಸಿಗೂ ಲಸಿಕೆ ಅಂದೇ ಬೀಳಲಿ. ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ: ಕೂಸಿನ ಜಾತಕ ಬರೆಯಿಸುವ ಮೊದಲು ಲಸಿಕೆ ಬಿದ್ದಿತೋ ಇಲ್ಲವೋ ಎಂದು ವಿಚಾರಿಸಿರಿ. ಜಾತಕಕ್ಕೆ ನಾಳೆಯೂ ಮುಹೂರ್ತವುಂಟು. ಈ ಲಸಿಕೆಗೆ ಅಂದಿನ ದಿನವೇ ಮುಹೂರ್ತವು.