ಆ ಕಾದಂಬರಿಗಳನ್ನು ರದ್ದಿಗೆ ಹಾಕಬೇಡಿ



ನಿಮ್ಮ ಮನೆಯ ಅಟ್ಟದ ಮೇಲೋ, ಅಮ್ಮನ ಟ್ರಂಕಿನ ತಳದಲ್ಲೋ, ನಡುಮನೆಯ ಗೋಡೆ ಬೀರುವಿನಲ್ಲೋ ಹಳೆಯ ಕಾದಂಬರಿಗಳ ಒಂದು ಕಟ್ಟು ಇದ್ದೀತು. ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಆರ್ಯಾಂಬ ಪಟ್ಟಾಭಿ, ಉಷಾ ನವರತ್ನರಾಂ, ಸಾಯಿಸುತೆ. ಬಾಡಿಗೆ ಮನೆ ಬದಲಿಸುವಾಗ, ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ, ಹಿರಿಯರು ತೀರಿಕೊಂಡ ಮೇಲೆ ಕೋಣೆ ಖಾಲಿ ಮಾಡುವಾಗ ಎಲ್ಲಕ್ಕಿಂತ ಮೊದಲು ಹೊರಬೀಳುವುದು ಈ ಕಟ್ಟೇ. ದಯವಿಟ್ಟು ಅದನ್ನು ತಕ್ಕಡಿಗೆ ಇಡಬೇಡಿ. ಇಷ್ಟನ್ನು ಕೇಳಿಕೊಳ್ಳುವುದಕ್ಕೇ ಈ ಮನವಿ.

ಒಲವಿನ ಕಥೆ ಹೇಳಿ ಕಣ್ಣೀರು ಹಾಕಿಸಿದ ಪುಸ್ತಕಗಳು ಇವು. ಅಳಿಸಿದ್ದೇ ಇವುಗಳ ಅಪರಾಧವಾಯಿತು. ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದವರು ಬಹಳ ಮಂದಿ. ಸಾಹಿತ್ಯ ಚರಿತ್ರೆಗಳಲ್ಲಿ ಈ ಲೇಖಕಿಯರಲ್ಲಿ ಹೆಚ್ಚಿನವರಿಗೆ ಸಿಕ್ಕದ್ದು ಒಂದೆರಡು ಸಾಲು. ಆದರೆ ಅವರ ಓದುಗರು ಸುಮ್ಮನೆ ಅತ್ತವರಲ್ಲ.

‘ಶರಪಂಜರ’ದ ಕಾವೇರಿಯನ್ನು ನೆನೆಯಿರಿ. ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಳ್ಳುತ್ತಾಳೆ, ಆಸ್ಪತ್ರೆಯಲ್ಲಿ ಗುಣವಾಗುತ್ತಾಳೆ, ನೆಟ್ಟಗಾಗಿ ಮನೆಗೆ ಮರಳುತ್ತಾಳೆ. ಮನೆ ಮಾತ್ರ ಅವಳನ್ನು ನಂಬುವುದಿಲ್ಲ. ಒಲಿದು ಕೈಹಿಡಿದ ಗಂಡನೇ ದೂರ ಸರಿದಿರುತ್ತಾನೆ. ರೋಗ ವಾಸಿಯಾದವಳನ್ನು ಮತ್ತೆ ರೋಗಿಯಾಗಿಸುವುದು ಸುತ್ತಲಿನವರ ಅನುಮಾನ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ ಇದನ್ನು ಬರೆದಾಗ ಬಾಣಂತಿಯ ಮನೋರೋಗದ ಬಗ್ಗೆ ನಮ್ಮ ಮನೆಗಳಲ್ಲಿ ಮಾತೇ ಇರಲಿಲ್ಲ. ದೆವ್ವದ ಕಾಟವೆನ್ನುತ್ತಿದ್ದರು, ಇಲ್ಲವೇ ಬಾಯಿ ಮುಚ್ಚಿಸುತ್ತಿದ್ದರು. ಸೊಸೆಯೊಬ್ಬಳು ತನಗಾಗಿ ಅತ್ತರೆ ಮನೆಯವರಿಗೆ ಕಾರಣ ಹೇಳಬೇಕಿತ್ತು. ಕಾವೇರಿಗಾಗಿ ಅತ್ತರೆ ಯಾರೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಮುಸುರೆ ತೊಳೆದಿಟ್ಟು, ಎಲ್ಲರೂ ಮಲಗಿರುವಾಗ ಪುಸ್ತಕ ಹಿಡಿದು ಕೂತವರಿಗೆ ಆ ಅಳು ಎಷ್ಟು ಬೇಕಾಗಿತ್ತೆಂಬುದು ಅವರಿಗೇ ಗೊತ್ತು.

ತ್ರಿವೇಣಿಯವರದೇ ‘ಹಣ್ಣೆಲೆ ಚಿಗುರಿದಾಗ’ ಎಳೆಯ ವಿಧವೆಗೂ ಒಲಿಯುವ ಮನಸ್ಸಿದೆ ಎಂದಿತು. ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಮದುವೆಯ ಕನಸು ಕಂಡ ಹುಡುಗಿಗೆ ಊರು ಗೆಜ್ಜೆ ಕಟ್ಟಿಸಿದ್ದನ್ನು ತೋರಿಸಿತು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು 1967ರಲ್ಲಿ, ‘ಗೆಜ್ಜೆಪೂಜೆ’ಯನ್ನು 1969ರಲ್ಲಿ ತೆರೆಗೆ ತಂದಾಗ, ಈ ಕಥೆಗಳಿಗೆ ಅತ್ತ ಓದುಗರು ಆಗಲೇ ಸಾವಿರಾರು ಮನೆಗಳಲ್ಲಿದ್ದರು. ಸಿನಿಮಾಗಳನ್ನು ನಾವು ಇಂದಿಗೂ ನೆನೆಯುತ್ತೇವೆ. ಪುಸ್ತಕಗಳನ್ನು ಕಿಲೋ ಲೆಕ್ಕದಲ್ಲಿ ಮಾರುತ್ತೇವೆ.

‘ಹೊಸ ಮುದ್ರಣ ಸಿಗುತ್ತದಲ್ಲ, ಹಳೆಯದೇಕೆ?’ ಎಂದು ನೀವು ಕೇಳಬಹುದು. ತ್ರಿವೇಣಿಯವರ ಮಟ್ಟಿಗೆ ಆ ಮಾತು ನಿಜ. ಅವರ ಪುಸ್ತಕಗಳು ಈಗಲೂ ಅಂಗಡಿಯಲ್ಲಿವೆ. ಆದರೂ ಹಳೆಯ ಪ್ರತಿಯಲ್ಲಿ ಏನಿರುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಬಳಿ ‘ಬೆಳ್ಳಿಮೋಡ’ದ ಒಂದು ಪ್ರತಿಯಿದೆ. ಬಾಗಿಲು ಹಾಕಿದ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿಯದು. ಮುಖಪುಟ ಹೋಗಿ ದಪ್ಪ ರಟ್ಟಿನ ಬೈಂಡು ಬಂದಿದೆ. ಒಳಗೆ ಅಂಟಿಸಿದ ಚೀಟಿಯಲ್ಲಿ ತಾರೀಕಿನ ಮೊಹರುಗಳು ಒಂದರ ಮೇಲೊಂದು ಬಿದ್ದು ಅಂಕಿಗಳೇ ಕಾಣುವುದಿಲ್ಲ. ಆಸ್ತಿ ಕೈತಪ್ಪಿತೆಂದು ಬಿಟ್ಟುಹೋಗಿದ್ದ ಮೋಹನ ಮರಳಿ ಒಲವು ತೋರಿದಾಗ ನಾಯಕಿ ಇಂದಿರಾ ಬೇಡವೆನ್ನುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಬರೆದಿದ್ದಾರೆ: ‘ಒಪ್ಪಿಕೊಳ್ಳಬೇಕಿತ್ತು, ಪಾಪ.’ ಅದರ ಕೆಳಗೆ ನೀಲಿ ಶಾಯಿಯಲ್ಲಿ ಬೇರೆ ಕೈಬರಹ: ‘ಯಾಕೆ?’ ಅದಕ್ಕೂ ಕೆಳಗೆ, ಗುಂಡಗಿನ ಸಣ್ಣ ಅಕ್ಷರದಲ್ಲಿ: ‘ನನಗೂ ಹೀಗೆ ಹೇಳುವ ಧೈರ್ಯ ಇದ್ದಿದ್ದರೆ.’

ಮುಖ ನೋಡದ ಮೂವರು ಹೆಣ್ಣುಮಕ್ಕಳು ಒಂದು ಪುಟದ ಅಂಚಿನಲ್ಲಿ ಕೂತು ಆಡಿದ ಮಾತು ಇದು ಎಂದೇ ನಾನು ನಂಬಿದ್ದೇನೆ. ಯಾವ ವಿಮರ್ಶೆಯ ಗ್ರಂಥದಲ್ಲೂ ಇದು ದಾಖಲಾಗಿಲ್ಲ. ಹೊಸ ಮುದ್ರಣದಲ್ಲಿ ಕಾದಂಬರಿ ಸಿಗುತ್ತದೆ, ಓದುಗರು ಸಿಗುವುದಿಲ್ಲ.

ಇನ್ನು ಒಂದೇ ಮುದ್ರಣ ಕಂಡು ನಿಂತುಹೋದ ಲೇಖಕಿಯರ ಪಾಡು ಬೇರೆಯೇ. ಅವರ ಪುಸ್ತಕಗಳ ಹೆಚ್ಚಿನ ಪ್ರತಿಗಳು ಇದ್ದದ್ದು ಬೀದಿಬದಿಯ ಬಾಡಿಗೆ ಲೈಬ್ರರಿಗಳಲ್ಲಿ. ಅಂಥ ಲೈಬ್ರರಿಗಳು ಒಂದೊಂದಾಗಿ ಮುಚ್ಚಿಹೋದವು, ಪುಸ್ತಕಗಳು ಗುಜರಿಗೆ ಸೇರಿದವು. ‘ಸುಧಾ’, ‘ಪ್ರಜಾಮತ’, ‘ತರಂಗ’ಗಳಲ್ಲಿ ವಾರವಾರ ಬಂದ ಧಾರಾವಾಹಿಗಳನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು, ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿಟ್ಟವರಿದ್ದಾರೆ. ಪುಸ್ತಕವಾಗಿ ಬಾರದೇ ಉಳಿದ ಕಥೆಗೆ ಆ ಹೊಲಿದ ಕಟ್ಟೇ ಕೊನೆಯ ಆಧಾರ. ನಿಮ್ಮ ಅಟ್ಟದ ಮೇಲಿರುವುದು ಅಂಥದ್ದೊಂದು ಪ್ರತಿ ಆಗಿರಬಹುದು.

ಆದ್ದರಿಂದ ನನ್ನ ಬೇಡಿಕೆಗಳು ಇವು.

ಮನೆಯವರಲ್ಲಿ: ಕಟ್ಟನ್ನು ಬಿಚ್ಚಿ, ಪುಸ್ತಕದ ಹೆಸರು, ಲೇಖಕರು, ಮುದ್ರಣದ ವರ್ಷ ಬರೆದಿಡಿ. ಧೂಳನ್ನು ಒಣಬಟ್ಟೆಯಲ್ಲಿ ಒರೆಸಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಅದರ ಅಂಟು ಹಳದಿಗಟ್ಟಿ ಅಕ್ಷರವನ್ನೇ ತಿನ್ನುತ್ತದೆ. ಬಿಸಿಲಿಗೂ ಹಾಕಬೇಡಿ, ಕಾಗದ ಪುಡಿಯಾಗುತ್ತದೆ. ಅಂಚಿನ ಬರಹವನ್ನು ಅಳಿಸಲೇಬೇಡಿ. ಪುಸ್ತಕ ಯಾರದಾಗಿತ್ತು, ಯಾವ ಊರಿನಲ್ಲಿ ಓದಿದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಒಳಗಿಡಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಆ ಪಟ್ಟಿ ಹಿಡಿದು ನಿಮ್ಮ ಊರಿನ ಗ್ರಂಥಾಲಯದವರನ್ನು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದವರನ್ನು, ಹತ್ತಿರದ ಕಾಲೇಜಿನ ಕನ್ನಡ ವಿಭಾಗದವರನ್ನು ಮೊದಲು ಮಾತಾಡಿಸಿ. ಕೇಳದೆ ಮೂಟೆ ಇಳಿಸಿ ಬಂದರೆ ಅದು ಅಲ್ಲಿಂದಲೂ ರದ್ದಿಗೇ ಹೋದೀತು.

ದೂರದ ಊರು, ದೂರದ ದೇಶದಲ್ಲಿರುವ ಮಕ್ಕಳಲ್ಲಿ: ಎರಡು ವಾರದ ರಜೆಯಲ್ಲಿ ಬಂದು ಅಪ್ಪ ಅಮ್ಮನ ಮನೆ ಖಾಲಿ ಮಾಡುವ ಸಂಕಟ ಸಣ್ಣದಲ್ಲ. ಆ ಗಡಿಬಿಡಿಯಲ್ಲೂ ಒಂದು ದಿನವನ್ನು ಪುಸ್ತಕಗಳಿಗೆ ಕೊಡಿ. ಅದಕ್ಕಿಂತ ಮುಖ್ಯವಾಗಿ, ಅಮ್ಮ, ಅಜ್ಜಿ, ದೊಡ್ಡಮ್ಮ ಇರುವಾಗಲೇ ಅವರನ್ನು ಕೇಳಿ: ‘ಯಾವ ಕಾದಂಬರಿ ಓದಿ ಅತ್ತಿದ್ದೆ? ಎಲ್ಲಿ ಕೂತು ಓದುತ್ತಿದ್ದೆ? ಯಾರಾದರೂ ಬೈದರಾ?’ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡಿಕೊಳ್ಳಿ. ಕನ್ನಡದ ಓದಿನ ಚರಿತ್ರೆಯ ಒಂದು ಅಧ್ಯಾಯ ಅವರ ಬಾಯಲ್ಲಿದೆ. ಅವರ ನಂತರ ಅದನ್ನು ಹೇಳುವವರಿಲ್ಲ.

ಗ್ರಂಥಾಲಯ ಇಲಾಖೆಯಲ್ಲಿ: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲ ಗ್ರಂಥಾಲಯ ಸೆಸ್ ಕಟ್ಟುತ್ತಿದ್ದೇವೆ. ಆ ಹಕ್ಕಿನಿಂದಲೇ ಕೇಳುತ್ತೇವೆ. ಜೀರ್ಣವಾದ ಪುಸ್ತಕಗಳನ್ನು ವಿಲೇವಾರಿ ಮಾಡುವ ಮೊದಲು ಅದೇ ಪುಸ್ತಕ ಜಿಲ್ಲೆಯ ಬೇರೆ ಗ್ರಂಥಾಲಯದಲ್ಲಿ ಇದೆಯೇ ಎಂದು ನೋಡಿ. ಇಲ್ಲವಾದರೆ ಆ ಪ್ರತಿಯನ್ನು ಉಳಿಸಿ, ಸ್ಕ್ಯಾನ್ ಮಾಡಿಸಿ. ಜನಪ್ರಿಯ ಕಾದಂಬರಿಯೆಂಬ ಕಾರಣಕ್ಕೆ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಮೊದಲು ಗೆರೆ ಎಳೆಯಬೇಡಿ.

ಲೇಖಕಿಯರ ಮಕ್ಕಳು ಮೊಮ್ಮಕ್ಕಳಲ್ಲಿ: ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷ ಕಳೆದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, 34ರ ಎಳೆಯ ವಯಸ್ಸಿನಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಗಟ್ಟಿಯಾಗಿ ಓದಿ ಧ್ವನಿಪುಸ್ತಕ ಮಾಡಬಹುದು. ಆದರೆ 1991ರಲ್ಲಿ ತೀರಿಕೊಂಡ ಅನುಪಮಾ, 1994ರಲ್ಲಿ ತೀರಿಕೊಂಡ ಇಂದಿರಾ ಅವರಂಥವರ ಬರಹಕ್ಕೆ ಇನ್ನೂ ದಶಕಗಳ ಕಾಲ ವಾರಸುದಾರರ ಒಪ್ಪಿಗೆ ಬೇಕು. ಅಷ್ಟು ಹೆಸರು ಮಾಡದ ಲೇಖಕಿಯರ ವಿಷಯದಲ್ಲಿ ಯಾರನ್ನು ಕೇಳಬೇಕೆಂಬುದೇ ತಿಳಿಯದೆ ಮರುಮುದ್ರಣ ನಿಲ್ಲುತ್ತದೆ. ನೀವೇ ಮುಂದೆ ಬಂದು ಪ್ರಕಾಶಕರನ್ನು ಸಂಪರ್ಕಿಸಿ. ಮುದ್ರಣದಲ್ಲಿಲ್ಲದ ಪುಸ್ತಕಕ್ಕೆ ಸ್ಕ್ಯಾನ್ ಮಾಡುವ ಅನುಮತಿಯನ್ನಾದರೂ ಬರೆದುಕೊಡಿ.

ಕನ್ನಡ ಅಧ್ಯಾಪಕರಲ್ಲಿ: ನಿಮ್ಮ ವಿದ್ಯಾರ್ಥಿಗಳನ್ನು ಒಂದೊಂದು ಕಾದಂಬರಿಯ ಜೊತೆಗೆ ಅದರ ಹಳೆಯ ಓದುಗರೊಬ್ಬರ ಮನೆಗೆ ಕಳುಹಿಸಿ. ಅಳು ಬಂದದ್ದೇಕೆ ಎಂಬ ಪ್ರಶ್ನೆಯಿಂದ ಶುರುಮಾಡಿದ ಸಂಶೋಧನೆ ನಮ್ಮ ಕುಟುಂಬಗಳ ಬಗ್ಗೆ ಬಹಳಷ್ಟನ್ನು ಹೇಳುತ್ತದೆ.

2028ರ ಸೆಪ್ಟೆಂಬರ್ 1ಕ್ಕೆ ತ್ರಿವೇಣಿ ಹುಟ್ಟಿ ನೂರು ವರ್ಷ ತುಂಬುತ್ತದೆ. ಅಂದು ಸಭೆ, ಹಾರ, ಭಾಷಣ ಇದ್ದೇ ಇರುತ್ತವೆ. ಅಷ್ಟರೊಳಗೆ ಪ್ರತಿ ತಾಲ್ಲೂಕಿನ ಒಂದು ಗ್ರಂಥಾಲಯದಲ್ಲಾದರೂ ಈ ಲೇಖಕಿಯರಿಗೊಂದು ಕಪಾಟು ಸಿದ್ಧವಾಗಲಿ. ಅದನ್ನು ತುಂಬುವ ಪುಸ್ತಕಗಳು ನಮ್ಮ ನಿಮ್ಮ ಮನೆಗಳಿಂದಲೇ ಬರಬೇಕು. ಪ್ರತಿ ನವೆಂಬರ್ 14ರಿಂದ 20ರವರೆಗೆ ನಡೆಯುವ ಗ್ರಂಥಾಲಯ ಸಪ್ತಾಹ ಅದಕ್ಕೆ ಒಳ್ಳೆಯ ಸಮಯ. ಅಲ್ಲಿಯವರೆಗೂ ಕಾಯಬೇಕಿಲ್ಲದವರು ಈ ಭಾನುವಾರವೇ ಏಣಿ ಹಾಕಿ ಅಟ್ಟ ಹತ್ತಿ, ಪಟ್ಟಿ ಮಾಡಲು ಕೂರಿ.