ಬೆಂದ ರೊಟ್ಟಿಯಿಂದ ಉಪ್ಪು ತೆಗೆಯಲಾಗದು

ಹೋದ ವರ್ಷ ಪುಣೆಯ ಸಂಸ್ಥೆಯೊಂದು ನಾಲ್ಕು ನಿಮಿಷದ ಆನಿಮೇಷನ್ ಚಿತ್ರವೊಂದನ್ನು ನನಗೆ ಕಳಿಸಿತು. ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಕಲಸುವುದು ಹೇಗೆಂದು ಹೇಳುವ ಹಿಂದಿ ಚಿತ್ರ. ಅಕ್ಕಲಕೋಟ, ಜತ್ತ ಕಡೆಯ ಕನ್ನಡ ತಾಯಂದಿರಿಗಾಗಿ ಅದನ್ನು ಕನ್ನಡಕ್ಕೆ ತರಬೇಕಿತ್ತು. ಅನುವಾದ ಅರ್ಧ ದಿನದ ಕೆಲಸ, ಮಾಡಿಕೊಟ್ಟೆ. ತೊಂದರೆ ಶುರುವಾದದ್ದು ಆಮೇಲೆ. ಅವರ ಬಳಿ ಇದ್ದದ್ದು ಒಂದೇ ಒಂದು ಎಂಪಿ4 ಫೈಲು. ಹಿಂದಿ ಅಕ್ಷರಗಳು ಚಿತ್ರದೊಳಗೇ ಬೆರೆತುಹೋಗಿದ್ದವು. ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟಿದ್ದ, ಮೂಲ ಫೈಲುಗಳು ಯಾರಲ್ಲೂ ಇರಲಿಲ್ಲ. ಕೊನೆಗೆ ಹಿಂದಿಯ ಮೇಲೆ ಕಪ್ಪು ಪಟ್ಟಿ ಎಳೆದು ಕನ್ನಡ ಬರೆದರು. ಪಟ್ಟಿಯಡಿ ನೀರಿನ ಅಳತೆ ತೋರಿಸುವ ಪಾತ್ರೆಯೂ ಮುಚ್ಚಿಹೋಯಿತು. ಇಡೀ ಚಿತ್ರ ಇದ್ದದ್ದೇ ಆ ಅಳತೆ ತೋರಿಸಲು.

ರೆಂಡರ್ ಮಾಡುವಾಗ ಯಾವ ಫಾರ್ಮ್ಯಾಟ್ ಆರಿಸಬೇಕು ಎಂಬುದು ತಂತ್ರಜ್ಞರ ತಲೆನೋವು ಎಂದು ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಚಿತ್ರ ಮುಂದೆ ಎಷ್ಟು ಭಾಷೆಗಳಲ್ಲಿ ಮಾತಾಡಬಲ್ಲದು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.

ಬ್ಲೆಂಡರ್‌ನಂಥ ತಂತ್ರಾಂಶ ಎರಡು ದಾರಿ ಕೊಡುತ್ತದೆ. ನೇರವಾಗಿ ವಿಡಿಯೊ ಮಾಡಬಹುದು, ಇಲ್ಲವೇ ಪ್ರತಿ ಫ್ರೇಮನ್ನೂ ಪಿಎನ್‌ಜಿ ಅಥವಾ ಓಪನ್‌ಇಎಕ್ಸ್‌ಆರ್ ಚಿತ್ರವಾಗಿ ಬಿಡಿಬಿಡಿಯಾಗಿ ಉಳಿಸಿ, ಆಮೇಲೆ ವಿಡಿಯೊ ಕಟ್ಟಬಹುದು. ಎರಡನೆಯದೇ ಸರಿ ಎಂಬುದು ನನ್ನ ವಾದ. ಎಂಪಿ4 ರೆಂಡರ್ ಆಗುವಾಗ ನಡುವೆ ಕರೆಂಟ್ ಹೋದರೆ ಇಡೀ ಫೈಲೇ ತೆರೆಯದಿರಬಹುದು, ಏಕೆಂದರೆ ಅದರ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಬಿಡಿ ಚಿತ್ರಗಳಾದರೆ ನಿಂತಲ್ಲಿಂದ ಮುಂದುವರಿಸಬಹುದು. ಒಂದು ದೃಶ್ಯ ತಪ್ಪಿದ್ದರೆ ಅಷ್ಟನ್ನೇ ಮತ್ತೆ ಮಾಡಬಹುದು.

ಗುಣಮಟ್ಟದ ಮಾತೂ ಇದೆ. ಎಚ್.264 ವಿಡಿಯೊಗಳಲ್ಲಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ ಬಣ್ಣದ ಮಾಹಿತಿ ಉಳಿಯುತ್ತದೆ. ಮುಖ, ಮರ, ಆಕಾಶಕ್ಕೆ ಇದು ಗೊತ್ತಾಗುವುದಿಲ್ಲ. ಕೆಂಪು ಹಿನ್ನೆಲೆಯ ಮೇಲೆ ನೀಲಿಯಲ್ಲಿ ಬರೆದ ಸಣ್ಣ ಒತ್ತಕ್ಷರಕ್ಕೆ ಗೊತ್ತಾಗುತ್ತದೆ, ಅಂಚು ಕದಡುತ್ತದೆ. ಅದನ್ನೇ ಮತ್ತೆ ತಿದ್ದಿ ಇನ್ನೊಮ್ಮೆ ಎಂಪಿ4 ಮಾಡಿದರೆ ನಷ್ಟದ ಮೇಲೆ ನಷ್ಟ. ಪಿಎನ್‌ಜಿಯಲ್ಲಿ ಈ ನಷ್ಟವಿಲ್ಲ. ಮೇಲಾಗಿ ಅದು ಪಾರದರ್ಶಕತೆಯನ್ನೂ ಉಳಿಸಿಕೊಳ್ಳುತ್ತದೆ. ಹಾಗಾಗಿ ಅಕ್ಷರಗಳನ್ನು ಬೇರೆ ಪದರವಾಗಿ ರೆಂಡರ್ ಮಾಡಿಟ್ಟು, ಹಿಂದಿ ಪದರ ತೆಗೆದು ಕನ್ನಡದ್ದನ್ನು ಇಡಬಹುದು.

ಜಾಗ ಜಾಸ್ತಿ ಬೇಕಲ್ಲ ಎನ್ನುತ್ತಾರೆ. ನಿಜ. ಸೆಕೆಂಡಿಗೆ 24 ಫ್ರೇಮ್ ಎಂದರೆ ನಾಲ್ಕು ನಿಮಿಷಕ್ಕೆ 5,760 ಚಿತ್ರ. ಒಂದೊಂದು 2 ಎಂಬಿ ಎಂದುಕೊಂಡರೂ 12 ಜಿಬಿಯೊಳಗೆ ಮುಗಿಯಿತು, ಒಂದು ಪೆನ್‌ಡ್ರೈವ್‌ನ ಮಾತು. ವಾಟ್ಸ್‌ಆಪಿಗೆ, ಟಿವಿಗೆ ಎಂಪಿ4 ಬೇಕೇ ಬೇಕು, ತಕರಾರಿಲ್ಲ. ಅದು ಬಡಿಸುವ ತಟ್ಟೆ. ಉಗ್ರಾಣವಾಗಿ ಅದೊಂದನ್ನೇ ಇಟ್ಟುಕೊಳ್ಳುವುದು ತಪ್ಪು.

ದೊಡ್ಡವರು ಇದನ್ನು ಎಂದೋ ಅರಿತಿದ್ದಾರೆ. 2015ರ 'ಇನ್‌ಸೈಡ್ ಔಟ್' ಚಿತ್ರದಲ್ಲಿ ಮಗು ಬ್ರೊಕೊಲಿ ಬೇಡವೆಂದು ಹಟ ಮಾಡುತ್ತದೆ. ಜಪಾನಿನ ಪ್ರತಿಯಲ್ಲಿ ಪಿಕ್ಸಾರ್ ಅದನ್ನು ಹಸಿರು ದೊಣ್ಣೆಮೆಣಸಿನಕಾಯಿಯಾಗಿ ಬದಲಿಸಿತು, ಅಲ್ಲಿನ ಮಕ್ಕಳಿಗೆ ಹಿಡಿಸದ ತರಕಾರಿ ಅದೆಂದು. ಮೂಲ ಕೈಯಲ್ಲಿದ್ದವರಿಗೆ ತರಕಾರಿಯನ್ನೂ ಅನುವಾದಿಸಬಹುದು. ಇಲ್ಲದವರು ಕಪ್ಪು ಪಟ್ಟಿ ಎಳೆಯಬೇಕು.

ನಿಮ್ಮಲ್ಲಿ ಯಾರಾದರೂ ಶಾಲೆಗೋ ಸಂಘಕ್ಕೋ ಕಂಪನಿಗೋ ಆನಿಮೇಷನ್ ಮಾಡಿಸುವವರಿದ್ದರೆ, ಹಣ ಕೊಡುವ ಮೊದಲೇ ನಾಲ್ಕು ವಸ್ತು ಕೇಳಿ: ಅಕ್ಷರವಿಲ್ಲದ ಫ್ರೇಮ್‌ಗಳು, ಅಕ್ಷರದ ಪದರ, ಮಾತಿಲ್ಲದ ಹಿನ್ನೆಲೆ ಧ್ವನಿ, ಮೂಲ ಪ್ರಾಜೆಕ್ಟ್ ಫೈಲು. ಆಮೇಲೆ ಕೇಳಿದರೆ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಇಂಥವು ಬಹುಮಟ್ಟಿಗೆ ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿ ಮೊದಲು ತಯಾರಾಗುತ್ತವೆ, ಕನ್ನಡದ ಸರದಿ ಬರುವುದು ಆಮೇಲೆಯೇ.

ಅಂದಹಾಗೆ, ಆ ಚಿತ್ರದಲ್ಲಿ ಪಾತ್ರೆ ಈಗಲೂ ಕಾಣುವುದಿಲ್ಲ. 'ಪೊಟ್ಟಣ ಪೂರ್ತಿ ಸುರಿಯಿರಿ, ನೀರು ಒಂದು ಲೀಟರ್' ಎಂದು ಧ್ವನಿಯಲ್ಲಿ ಎರಡು ಬಾರಿ ಹೇಳಿಸಿದ್ದೇವೆ. ಕೇಳಿಸಿಕೊಂಡ ತಾಯಿಗೆ ಅಳತೆ ತಿಳಿಯುತ್ತದೆ. ಮಗುವಿನ ಅಳುವಿನ ನಡುವೆ ಕೇಳಿಸದವಳಿಗೆ ಕಾಣುವುದು ಕಪ್ಪು ಪಟ್ಟಿ.