ಬಲದೀಪಕ್ಕೆ ಎರಡು ಅರ್ಥ

ಅಮೆರಿಕೆಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆಂದು ಊರಿಗೆ ಬಂದಿದ್ದ. ಚಿಂಚೋಳಿಯಿಂದ ಸೇಡಮಿನತ್ತ ಅವನ ಕಾರಿನಲ್ಲಿ ಹೊರಟಿದ್ದೆವು. ಮುಂದೆ ಕಲ್ಲು ತುಂಬಿದ ಲಾರಿ. "ಬಲಗಡೆ ಬ್ಲಿಂಕರ್ ಹಾಕ್ಯಾನ್ರಿ ಸರ್, ಮುಂದ ಹೋಗು ಅಂತಾನ" ಎಂದ. ಇಂಗ್ಲಿಷ್ ಕಲಿಸಿದ ನಾಲಿಗೆ ಸುಮ್ಮನಿರಲಿಲ್ಲ. "ಇಂಡಿಕೇಟರ್ ಅನ್ನು ತಮ್ಮಾ" ಎಂದೆ.

ಅಲ್ಲಿಂದ ಪಾಠ ಆರಂಭವಾಯಿತು. ಬ್ರಿಟಿಷರಿಗೆ ಅದು ಇಂಡಿಕೇಟರ್. ಅಮೆರಿಕನ್ನರಿಗೆ ಟರ್ನ್ ಸಿಗ್ನಲ್, ಆಡುಮಾತಿನಲ್ಲಿ ಬ್ಲಿಂಕರ್. ಅಲ್ಲಿ 1939ರ ಬ್ಯೂಕ್ ಕಾರುಗಳಿಗೆ ಮಿನುಗುವ ದೀಪ ಬಂದಾಗಲೂ, ಬ್ರಿಟಿಷ್ ಕಾರುಗಳ ಬಾಗಿಲ ಕಂಬದಿಂದ ರೈಲಿನ ಕೈಮರದಂತೆ ಪುಟ್ಟ ತೋಳೊಂದು ಹೊರಚಾಚುತ್ತಿತ್ತು. ಟ್ರಾಫಿಕ್, ಇಂಡಿಕೇಟರ್ ಎರಡನ್ನೂ ಬೆಸೆದು ಅದಕ್ಕೆ ಟ್ರಾಫಿಕೇಟರ್ ಎಂದು ಹೆಸರಿಟ್ಟಿದ್ದರು. ತೋಳು ಹೋಯಿತು, ಹೆಸರೂ ಹೋಯಿತು.

ಇಷ್ಟು ಹೇಳುವಷ್ಟರಲ್ಲಿ ಹುಡುಗ ಲಾರಿಯನ್ನು ದಾಟಲು ಬಲಕ್ಕೆ ಸರಿದಿದ್ದ. ಲಾರಿಯೂ ಬಲಕ್ಕೇ, ಹೊಲದ ದಾರಿಗೆ ತಿರುಗಿತು. ಬ್ರೇಕು ಹಿಡಿದದ್ದರಿಂದ ನಾವಿಬ್ಬರೂ ಉಳಿದೆವು.

ಲಾರಿಯವನ ತಪ್ಪೇನಿತ್ತು? ತಿರುಗುವೆನೆಂದು ಕಾನೂನಿನ ಪ್ರಕಾರವೇ ದೀಪ ಹಾಕಿದ್ದ. ಆದರೆ ನಮ್ಮ ರಸ್ತೆಗಳಲ್ಲಿ ಅದೇ ದೀಪವನ್ನು 'ದಾರಿ ಖಾಲಿಯಿದೆ, ದಾಟಿಕೋ' ಎಂಬುದಕ್ಕೂ ಬಳಸುವವರಿದ್ದಾರೆ. ಇನ್ನು ಕೆಲವರು ಅದಕ್ಕೆ ಎಡದೀಪ ಹಾಕುತ್ತಾರೆ. ನಾಲ್ಕೂ ದೀಪ ಮಿನುಗಿಸಿ 'ನಾನು ನೇರ ಹೋಗುವವ' ಎನ್ನುವವರು ಬೇರೆ! ವಾಹನ ಕೆಟ್ಟು ನಿಂತಾಗ ಬಳಸಬೇಕಾದ ದೀಪಗಳವು.

ಹಳೆಯ ಕೈಸನ್ನೆಯಲ್ಲಿ ಈ ಗೊಂದಲವಿರಲಿಲ್ಲ. 1989ರ ರಸ್ತೆ ನಿಯಮಗಳಲ್ಲಿ ಎರಡಕ್ಕೂ ಬೇರೆ ಬೇರೆ ಸನ್ನೆಗಳಿದ್ದವು. ಬಲಕ್ಕೆ ತಿರುಗುವವನು ಬಲಗೈಯನ್ನು ಹೊರಗೆ ನೆಟ್ಟಗೆ ಚಾಚಬೇಕು. ಹಿಂದಿನವನಿಗೆ ದಾರಿ ಬಿಡುವವನು ಚಾಚಿದ ಕೈಯನ್ನು ಹಿಂದಕ್ಕೂ ಮುಂದಕ್ಕೂ ಅರ್ಧವೃತ್ತದಲ್ಲಿ ಬೀಸಬೇಕು. ಕೈ ಎರಡು ಮಾತು ಆಡುತ್ತಿತ್ತು. ದೀಪಕ್ಕೆ ಬರುವುದು ಒಂದೇ. ಆ ಒಂದನ್ನು ತಿರುಗುವುದಕ್ಕಷ್ಟೇ ಮೀಸಲಿಡಬೇಕು. ದಾರಿ ಬಿಡುವವನು ವೇಗ ತಗ್ಗಿಸಿ ಎಡಕ್ಕೆ ಸರಿದರೆ ಸಾಕು. ದಾಟುವವನೂ ಪರರ ದೀಪವನ್ನು ನಂಬದೆ ತನ್ನ ಕಣ್ಣಿನಿಂದ ರಸ್ತೆ ನೋಡಿಕೊಳ್ಳಲಿ. ಬ್ಲಿಂಕರೋ ಇಂಡಿಕೇಟರೋ ಎಂದು ಆ ಹೊತ್ತಿನಲ್ಲಿ ತಿದ್ದಹೊರಟ ನನ್ನ ಮೇಷ್ಟ್ರುತನದ ಬಗೆಗೆ ಈಗ ನಾಚಿಕೆಯಾಗುತ್ತದೆ.

ಶಹಾಬಾದ್, ವಾಡಿ ಕಡೆ ಲಾರಿ ಇಟ್ಟುಕೊಂಡಿರುವ ಶಿಷ್ಯರು ಇದನ್ನು ಓದುತ್ತೀರೆಂದು ಬಲ್ಲೆ. ನಿಮ್ಮ ಡ್ರೈವರುಗಳು ಬಲದೀಪ ಹಾಕಿದಾಗ ಏನು ಹೇಳುತ್ತಿರುತ್ತಾರೆ? ಕೇಳಿ ತಿಳಿಸಿರಿ.